ಹೊಳೆದಂಡೆಯಲ್ಲೊಂದು ಖಾತೆ

೧೨ ಜೂನ್ ೨೦೨೫, ಗುರುವಾರ

ಬೆಳಿಗ್ಗೆ ಎದ್ದು ಫೋನ್ ತೆಗೆದರೆ ನಾನೇ ಇಲ್ಲ.

ನನ್ನ ಖಾತೆ ಇಲ್ಲ, 'ಮುಂಜಾನೆ ದಾವಣಗೆರೆ' ಅನ್ನೋ ನನ್ನ ಪುಟ ಇಲ್ಲ. ಸೀರೆ ಅಂಗಡಿಯನ್ನು ಮಗ ಮಹಾಂತೇಶನ ಕೈಗೆ ಕೊಟ್ಟ ಮೇಲೆ ನನ್ನದು ಅಂತ ಉಳಿದದ್ದು ಅದೊಂದೇ. ದಿನಾ ಮಹಡಿ ಹತ್ತಿ ಸೂರ್ಯನ ಫೋಟೊ ತೆಗೆಯುವುದು, ಅದರ ಕೆಳಗೊಂದು ಹಿತವಚನ ಹಾಕುವುದು, ಆಮೇಲೆ ಕಾಫಿ ಕುಡಿಯುತ್ತ ಎಷ್ಟು ಜನ ಹೆಬ್ಬೆರಳು ಒತ್ತಿದರು ಅಂತ ನೋಡುವುದು. ಹನ್ನೊಂದು ಸಾವಿರ ಜನ ನನ್ನ ಹಿಂದಿದ್ದರು. ಪಾಲಿಕೆ ಚುನಾವಣೆಗೆ ನಿಂತಿದ್ದರೆ ಆರಾಮಾಗಿ ಗೆಲ್ಲುತ್ತಿದ್ದೆ.

ಈಗ ಅಲ್ಲಿರೋದು ಒಂದೇ ಸಾಲು: "ನಿಮ್ಮ ಖಾತೆಯು ನಿಯಮಗಳನ್ನು ಉಲ್ಲಂಘಿಸಿದೆ." ಯಾವ ನಿಯಮ ಅಂತ ಹೇಳಿಲ್ಲ. ಸೂರ್ಯ ಹುಟ್ಟೋದು ಯಾವ ನಿಯಮಕ್ಕೆ ವಿರುದ್ಧ?

ಮಹಾಂತೇಶ ನೋಡಿ, "ಯಾರೋ ನಿಮ್ಮ ಪಾಸ್‌ವರ್ಡ್ ಕದ್ದು ಅದರಾಗ ಏನೋ ಹೊಲಸು ಹಾಕ್ಯಾರೆ ಅಪ್ಪಾಜಿ. ಹೋಗ್ಲಿ ಬಿಡ್ರಿ, ಹೊಸದು ಮಾಡಿದ್ರಾತು" ಅಂದ. ಹನ್ನೊಂದು ಸಾವಿರ ಜನರನ್ನು ಹೊಸದಾಗಿ ಎಲ್ಲಿಂದ ತರಲಿ?

ನನ್ನ ಹೆಂಡತಿ ಕಸ್ತೂರಿ ಒಲೆ ಮುಂದಿನಿಂದಲೇ ಕೇಳಿದಳು, "ಏನ್ರಿ, ಇವತ್ತು ಸೂರ್ಯ ಹುಟ್ಟಲಿಲ್ಲೇನು? ಮಕ ಯಾಕ ಹಂಗ ಮಾಡೀರಿ?"

ಹೇಳಿಕೊಳ್ಳಲು ಬೇರೆ ಜಾಗವಿಲ್ಲ. ಸೂರತ್ತಿನ ಸೀರೆ ಏಜೆಂಟ್ ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಇದರಲ್ಲೇ ಬರೆಯುತ್ತಿದ್ದೇನೆ.

೧೬ ಜೂನ್, ಸೋಮವಾರ

ಕಂಪನಿಗೆ ಮೂರು ಸಲ ಅರ್ಜಿ ಹಾಕಿದೆ. ಮೂರು ಸಲವೂ ಅದೇ ಉತ್ತರ: "ನಿಮ್ಮ ಸಹನೆಗೆ ಧನ್ಯವಾದಗಳು." ನನಗೆ ಸಹನೆ ಇದೆ ಅಂತ ಇವರಿಗೆ ಹೇಳಿದ್ದು ಯಾರು? ಕಸ್ತೂರಿಯನ್ನು ಕೇಳಿದ್ದರೆ ನಿಜ ಗೊತ್ತಾಗುತ್ತಿತ್ತು.

ಪಾರ್ಕಿನಲ್ಲಿ ಗೆಳೆಯ ತಿಪ್ಪೇರುದ್ರಪ್ಪ ಸಿಕ್ಕ. ನನ್ನ ಫೋಟೊಗೆ ದಿನಾ ಮೊದಲು ಹೆಬ್ಬೆರಳು ಒತ್ತುತ್ತಿದ್ದವನು ಅವನೇ. ಕೇಳುತ್ತಾನೆ ಅಂತ ಎರಡು ಸುತ್ತು ಕಾದೆ. ಮೊಣಕಾಲು ನೋವಿನ ಬಗ್ಗೆ ಹೇಳಿದ, ಮೊಮ್ಮಗನ ಬಗ್ಗೆ ಹೇಳಿದ. ಮೂರನೇ ಸುತ್ತಿಗೆ ನಾನೇ ಬಾಯಿ ಬಿಟ್ಟೆ.

"ಹೌದಾ? ನಿಂದು ಬಂದಾಗಿತ್ತೇನು? ನಾ ನೋಡಿರಲಿಲ್ಲ ಬಿಡಪಾ" ಅಂದ.

ಮನೆಗೆ ಬಂದು ಮಲಗಿದೆ. ಊಟ ಸೇರಲಿಲ್ಲ.

೨೨ ಜೂನ್, ಭಾನುವಾರ

ಸೊಸೆ ನಯನಾ ನನ್ನ ಪಕ್ಕ ಬಂದು ಕೂತಳು. "ಮಾವಾರೆ, ನಾನೊಂದು ಕಡೆ ಅದೀನಿ. ನೀವೂ ಬರ್ತೀರೇನು? ಹೊಳೆದಂಡೆ ಅಂತ."

"ಪಿಕ್ನಿಕ್ಕಾ?"

"ಅಲ್ರಿ, ಫೋನಿನಾಗೆ. ಹರಿಹರದ ಕೊಟ್ರೇಶ್ ಸರ್ ನಡೆಸ್ತಾರೆ. ಕಾಲೇಜಿನಾಗ ನಮಗ ಭೌತಶಾಸ್ತ್ರ ಹೇಳ್ತಿದ್ರು. ಕಂಪನಿ ಇಲ್ಲ, ಜಾಹೀರಾತು ಇಲ್ಲ. ಯಾರು ಯಾವಾಗ ಬರೀತಾರೋ ಅದೇ ಸಾಲಿನಾಗ ಬರ್ತೈತೆ, ಯಾವ್ದನ್ನೂ ಯಾರೂ ಮ್ಯಾಲೆ ಕೆಳಗೆ ಮಾಡಂಗಿಲ್ಲ. ಇಂಥ ಸಣ್ಣ ಸಣ್ಣ ತಾಣ ಲೋಕದ ತುಂಬ ಅದಾವೆ. ಈ ಊರಿನ ಪೋಸ್ಟಾಫೀಸಿಂದ ಆ ಊರಿಗೆ ಕಾಗದ ಹೋದಂಗೆ ಅಲ್ಲಿಗೂ ನಮ್ಮ ಮಾತು ಹೋಗ್ತೈತೆ."

"ಎಷ್ಟು ಜನ ಅದಾರೆ?"

"ಇನ್ನೂರು ಇರಬಹುದು."

ನಗು ಬಂತು. ಮಹಾಂತೇಶನ ಮದುವೆಯಲ್ಲಿ ಬರೀ ಬಡಿಸುವುದಕ್ಕೇ ಅಷ್ಟು ಜನ ಇದ್ದರು. ಆದರೆ ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ಆಯ್ತಮ್ಮ, ಮಾಡಿಕೊಡು ಅಂದೆ.

೨೩ ಜೂನ್, ಸೋಮವಾರ

ಹೊಳೆದಂಡೆಯಲ್ಲಿ ಮೊದಲ ಫೋಟೊ ಹಾಕಿದೆ. ಸೂರ್ಯ, ಹಿತವಚನ, ಎಲ್ಲ ಮೊದಲಿನಂತೆ. ಮಧ್ಯಾಹ್ನದವರೆಗೆ ಯಾರೂ ಏನೂ ಒತ್ತಲಿಲ್ಲ. ಆಮೇಲೆ ರಶ್ಮಿ ಅಂತ ಒಬ್ಬಳು ಬರೆದಳು:

"ನಮಸ್ಕಾರ ಅಂಕಲ್, ಹೊಳೆದಂಡೆಗೆ ಬರ್ರಿ ಕೂಡ್ರಿ. ಫೋಟೊದಾಗ ಏನೈತೆ? ನನಗ ಹುಟ್ಟಿನಿಂದ ಕಣ್ಣಿಲ್ಲ. ಫೋನು ಅಕ್ಷರ ಓದಿ ಹೇಳ್ತೈತೆ, ಚಿತ್ರ ಓದಂಗಿಲ್ಲ. ಒಂದೆರಡು ಸಾಲು ಬರೆದ್ರೆ ನಾನೂ ನೋಡ್ತೀನಿ."

ಇಲ್ಲಿ ಅದು ರೂಢಿಯಂತೆ. ಯಾರೇ ಚಿತ್ರ ಹಾಕಿದರೂ ಅದರೊಳಗೆ ಏನಿದೆ ಅಂತ ಬರೆಯಬೇಕು. ಬಂದ ದಿನವೇ ಕೆಲಸ ಹಚ್ಚಿದರು.

೨೪ ಜೂನ್, ಮಂಗಳವಾರ

ಇವತ್ತಿನ ಫೋಟೊದ ಕೆಳಗೆ "ಸೂರ್ಯೋದಯ" ಅಂತ ಬರೆದೆ.

ರಶ್ಮಿಯ ಉತ್ತರ: "ಅದು ದಿನಾ ಆಗ್ತೈತೆ ಅಂಕಲ್. ಇವತ್ತಿಂದು ಹೆಂಗಿತ್ತು?"

ತಲೆಹರಟೆ ಹುಡುಗಿ. ಫೋನ್ ತೆಗೆದಿಟ್ಟೆ.

೨೬ ಜೂನ್, ಗುರುವಾರ

ಮೋಡ. ಸೂರ್ಯನೇ ಇಲ್ಲ. ಸಿಟ್ಟಿನಲ್ಲಿ ಇದ್ದದ್ದನ್ನೇ ಫೋಟೊ ತೆಗೆದು ಬರೆದೆ:

"ಇವತ್ತು ಸೂರ್ಯ ಕಾಣಲಿಲ್ಲ. ಎದುರು ಮನೆಯ ನೀರಿನ ಟ್ಯಾಂಕ್ ತುಂಬಿ ಹರಿಯುತ್ತಿದೆ, ಮೋಟರ್ ನಿಲ್ಲಿಸೋರಿಲ್ಲ. ಒಂದು ಕಾಗೆ ಅದರಡಿ ಸ್ನಾನ ಮಾಡಿ, ನಮ್ಮ ಮಹಡಿ ಗೋಡೆಗೆ ಬಂದು ರೆಕ್ಕೆ ಜಾಡಿಸಿತು. ನನ್ನ ಕನ್ನಡಕದ ಮೇಲೆಲ್ಲ ಹನಿ. ಕೆಳಗೆ ಯಾರೋ ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿದರು."

ರಶ್ಮಿ ಬರೆದಳು: "ಈಗ ಬೆಳಗಾತು ನೋಡ್ರಿ!"

ಅದರ ಕೆಳಗೆ ಇನ್ನೂ ಕೆಲವರು ಮಾತಾಡಿದರು. ಒಬ್ಬರು ಮೋಟರ್ ನಿಲ್ಲಿಸಿದರಾ ಅಂತ ಕೇಳಿದರು. ನಿಲ್ಲಿಸಿದರು ಅಂತ ಬರೆದೆ. ಇನ್ನೊಬ್ಬರು ಅವರೂರಿನ ಕಾಗೆ ಕತೆ ಹೇಳಿದರು. ಹಿತವಚನ ಹಾಕುವುದು ಮರೆತೇ ಹೋಗಿತ್ತು, ಯಾರೂ ಕೇಳಲಿಲ್ಲ.

೫ ಜುಲೈ, ಶನಿವಾರ

ಸ್ಕೂಟರ್ ತೆಗೆದುಕೊಂಡು ಕರೂರು ಕೈಗಾರಿಕಾ ಪ್ರದೇಶದ ಕಡೆ ಹೋಗಿದ್ದೆ. ಬೆಳಗಿನ ಪಾಳಿಗೆ ಬರುವ ಹೆಣ್ಣುಮಕ್ಕಳು ಗೇಟಿನ ಹತ್ತಿರ ಚಪ್ಪಲಿ ಕೆಸರನ್ನು ಒಂದೇ ಕಲ್ಲಿಗೆ ತಿಕ್ಕಿ ಒಳಗೆ ಹೋಗುತ್ತಾರೆ. ಆ ಕಲ್ಲು ತಿಕ್ಕಿಸಿಕೊಂಡು ತಿಕ್ಕಿಸಿಕೊಂಡು ನಡುವೆ ತಗ್ಗು ಬಿದ್ದಿದೆ. ಮೂವತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ್ದೇನೆ, ಕಲ್ಲು ಇವತ್ತು ಕಂಡಿತು.

ಹೋದ ವಾರ ಫೋಟೊ ತೆಗೆಯಲು ಕುಕ್ಕುವಾಡ ಹಳ್ಳಿಗೂ ಹೋಗಿದ್ದೆ. ಕಸ್ತೂರಿ ಕೇಳಿದಳು, "ವಯಸ್ಸಾದ ಮ್ಯಾಲೆ ಏನು ಊರೂರು ತಿರುಗೋದು? ಯಾರನ್ನಾರ ಹುಡುಕಾಕತ್ತೀರೇನು?"

೧೩ ಜುಲೈ, ಭಾನುವಾರ

ರಶ್ಮಿ ಹರಿಹರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಅಕ್ಕನ ಮದುವೆಯಂತೆ. ಇವತ್ತು ಬರೆದಳು:

"ಕಾಕಾ, ನನಗೂ ಒಂದು ಸೀರೆ ತಂದಾರೆ. ಎಳೆ ಮಾವಿನಕಾಯಿ ಹಸಿರಂತೆ, ಕುಂಕುಮದ ಅಂಚಂತೆ. ಹೆಂಗೈತೆ ಅಂದ್ರೆ ಎಲ್ಲಾರೂ ಚೆನ್ನಾಗೈತೆ ಅಂತಾರೆ. ಚೆನ್ನಾಗೈತೆ ಅನ್ನೋದು ಒಂದು ಬಣ್ಣ ಏನ್ರಿ? ನೀವು ಸೀರೆ ಮಾರಿದೋರು, ಹೇಳ್ರಿ."

ಹುಟ್ಟಿದಾಗಿನಿಂದ ಸೀರೆ ನಡುವೆ ಬೆಳೆದವನು ನಾನು. ಆದರೂ ಮಧ್ಯಾಹ್ನ ಪೂರ್ತಿ ಕೂತೆ. ಕೊನೆಗೆ ಬರೆದೆ:

"ಎಳೆ ಮಾವಿನಕಾಯಿ ಉಪ್ಪಿಲ್ಲದೆ ಕಚ್ಚಿದರೆ ಹಲ್ಲು ಚುಳ್ ಅನ್ನುತ್ತಲ್ಲಮ್ಮ, ಆ ಹಸಿರು ಕಣ್ಣಿಗೂ ಹಾಗೇ. ಕುಂಕುಮದ ಅಂಚು ಅಂದರೆ ಅದೇ ಮಾವಿನ ಹೋಳನ್ನು ಖಾರದ ಪುಡಿಗೆ ಅದ್ದಿದ ಹಾಗೆ. ನೀನು ಅದನ್ನುಟ್ಟು ಮಂಟಪಕ್ಕೆ ಬಂದರೆ ನೋಡಿದವರ ಬಾಯಲ್ಲಿ ನೀರು ಬರುತ್ತೆ."

ಅವಳ ಉತ್ತರ ತಕ್ಷಣ ಬಂತು. "ಹಂಗಾದ್ರೆ ನನಗ ಒಪ್ಪಿಗೆ ಐತೆ. ಎರಡು ದಿನದಿಂದ ಸುಮ್ನೆ ಹೂಂ ಅನ್ನಾಕತ್ತಿದ್ದೆ."

ಚಾಂದ್ ಪಾಷಾ ಅಂತ ಹರಿಹರದ ಟೇಲರ್ ಒಬ್ಬರು ನಡುವೆ ಬಂದರು: "ಸಾವ್ಕಾರ್ರೆ, ಬ್ಲೌಸಿಗೂ ಎರಡು ಮಾತು ಬರೀರಿ. ಹೊಲಿಯೋರು ನಾವೂ ಅದೀವಿ." ಅವರ ಮನೆ ಹೊಳೆ ಪಕ್ಕದ ತಗ್ಗಿನಲ್ಲಿ. ಹೊಲಿಗೆ ಮಷಿನ್ ಸದ್ದಿನ ಜೊತೆ ಮಳೆಗಾಲದಲ್ಲಿ ಹೊಳೆ ಸದ್ದೂ ಕೇಳುತ್ತದಂತೆ. ಬಟ್ಟೆ ಬಗ್ಗೆ ಇಬ್ಬರೂ ಹೊತ್ತು ಹೋಗಿದ್ದೇ ತಿಳಿಯದೆ ಹರಟಿದೆವು.

೨೭ ಜುಲೈ, ಭಾನುವಾರ

ಮೇಲೆ ಘಟ್ಟದ ಕಡೆ ಜೋರು ಮಳೆ. ತಿಪ್ಪೇರುದ್ರಪ್ಪ ಒಂದು ವಿಡಿಯೊ ಕಳಿಸಿದ: ಸೇತುವೆ ಮೇಲೆ ಕೆಂಪು ನೀರು ನುಗ್ಗುತ್ತಿದೆ, "ಇಂದು ಸಂಜೆ ಹರಿಹರಕ್ಕೆ" ಅಂತ ಬರೆದಿದೆ. ತಡ ಮಾಡಬಾರದು ಅಂತ ಹೊಳೆದಂಡೆಗೆ ಹಾಕಿದೆ. "ಹರಿಹರದವರೇ ಎಚ್ಚರ! ಈಗಲೇ ಮನೆ ಖಾಲಿ ಮಾಡಿ!"

ಒಬ್ಬರಾದ ಮೇಲೊಬ್ಬರು ಹಂಚಿದರು. ನೋಡನೋಡುತ್ತ ಸಂಖ್ಯೆ ಏರಿತು. ಬಹಳ ದಿನದ ಮೇಲೆ ಕೈಗೆ ಬಿಸಿ ಹತ್ತಿದಂತಾಯಿತು.

೨೮ ಜುಲೈ, ಸೋಮವಾರ

ವಿಡಿಯೊ ಸುಳ್ಳು. ಯಾವುದೋ ವರ್ಷದ್ದು, ಯಾವುದೋ ಹೊಳೆಯದು.

ಚಾಂದ್ ಪಾಷಾ ನನ್ನ ಮಾತು ನಂಬಿ ನಿನ್ನೆ ಮಳೆಯಲ್ಲೇ ಮನೆ ಖಾಲಿ ಮಾಡಿದ್ದಾರೆ. ಎರಡು ಹೊಲಿಗೆ ಮಷಿನ್, ಜನರ ಬಟ್ಟೆ ಗಂಟು, ಪಾತ್ರೆ, ಆಡು, ವಯಸ್ಸಾದ ತಾಯಿ, ಎಲ್ಲವನ್ನೂ ಕೈಗಾಡಿಯಲ್ಲಿ ತಳ್ಳಿಕೊಂಡು ದಿಬ್ಬದ ಮೇಲಿರುವ ನೆಂಟರ ಮನೆಗೆ ಹೋಗಿದ್ದಾರೆ. ಗಿರಾಕಿಗಳ ಮದುವೆ ಬ್ಲೌಸ್‌ಗಳೆಲ್ಲ ನೆನೆದು ಬಣ್ಣ ಬಿಟ್ಟಿವೆ. ಹೊಳೆ ಮಾತ್ರ ತನ್ನ ಪಾಡಿಗೆ ತಾನು ದಂಡೆಯೊಳಗೇ ಹರಿಯುತ್ತಿದೆ.

"ಇಂಥೋರನ್ನ ಹೊರಗೆ ಹಾಕ್ರಿ" ಅಂತ ಕೆಲವರು ಬರೆದಿದ್ದಾರೆ. ರಶ್ಮಿ ನನಗೊಬ್ಬನಿಗೇ ಬರೆದಳು: "ಅದರಾಗ ನಿಮ್ಮ ದನಿ ಇರಲಿಲ್ಲ ಕಾಕಾ. ಯಾರದೋ ದನಿ ಇತ್ತು. ಆದ್ರೂ ನೀವು ಅಂತ ನಂಬಿದೆ."

ಇಲ್ಲಿಂದಲೂ ಹೋದೆ ಅಂದುಕೊಂಡೆ. ಸಂಜೆ ಫೋನ್ ಬಡಿಯಿತು.

"ನಾನು ಕೊಟ್ರೇಶ್ ರೀ, ಹರಿಹರದಿಂದ. ಹೊಳೆದಂಡೆ ನಡೆಸೋನು."

"ತಪ್ಪಾತ್ರಿ ಸರ್. ತೆಗೆದುಬಿಡ್ರಿ ನನ್ನ."

"ತೆಗೆಯೋದು ಒಂದು ಗುಂಡಿ ಒತ್ತೋ ಕೆಲಸ ಯಜಮಾನ್ರೆ. ಅದರಿಂದ ಚಾಂದ್ ಪಾಷಾನ ಸಾಮಾನು ಮನೆಗೆ ವಾಪಸ್ ಬರ್ತೈತೇನು? ನಾಡಿದ್ದು ಬುಧವಾರ ಅವರು ಸಾಗಸ್ತಾರೆ. ನಿಮಗ ಬರಾಕ ಆಗ್ತೈತಾ?"

ಆಗ್ತೈತೆ ಅಂದೆ. ನನ್ನೊಂದಿಗೆ ಒಬ್ಬ ಮನುಷ್ಯ ಮಾತಾಡಿದ. ಬೈಯಲಿಲ್ಲ, ಬಿಡಲೂ ಇಲ್ಲ.

೩೦ ಜುಲೈ, ಬುಧವಾರ

ಮೈಯೆಲ್ಲ ನೋವು, ಆದರೂ ಬರೆದೇ ಮಲಗಬೇಕು.

ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ದಿಬ್ಬದ ಮನೆ ಹೊರಗೆ ಚಾಂದ್ ಪಾಷಾ ಗಾಡಿಗೆ ಹಗ್ಗ ಬಿಗಿಯುತ್ತಿದ್ದರು. ನನಗಿಂತ ಸಣ್ಣವರು, ಕುರುಚಲು ಗಡ್ಡ. ನಾನು ಹೆಸರು ಹೇಳಿದೆ. ತಲೆ ಎತ್ತಿ ನೋಡಿ ಮತ್ತೆ ಹಗ್ಗ ಬಿಗಿದರು.

ಅವರ ತಾಯಿ ಹಜೀರಾಬೀ ಕಟ್ಟೆ ಮೇಲೆ ಕೂತಿದ್ದರು. "ಇವ್ರೇನಾ ಹೊಳೆ ತಂದೋರು?" ಅಂತ ಮಗನನ್ನು ಕೇಳಿದರು.

"ಹೌದಮ್ಮಾ, ನಾನೇ" ಅಂದೆ.

"ಹಂಗಾದ್ರೆ ಮೊದಲು ಆಡು ಹಿಡ್ಕ."

ಆಡು ಹಿಡಿದುಕೊಂಡು ತಗ್ಗಿಗೆ ಇಳಿದೆ. ಆಮೇಲೆ ಮಷಿನ್ನಿಗೆ ಹೆಗಲು ಕೊಟ್ಟೆ. ಪಾತ್ರೆ ಹೊತ್ತೆ. ಅಂಗಡಿಯ ಗದ್ದಿಗೆ ಮೇಲೆ ಕೂತು ಬೆಳೆದ ಮೈ, ಎರಡನೇ ಸುತ್ತಿಗೇ ಏದುಸಿರು. ಕೊಟ್ರೇಶ್ ಸರ್ ಕಾಲೇಜು ಮುಗಿಸಿ ಬಂದು ಕೈ ಹಾಕಿದರು. ಎಲ್ಲ ಒಳಗಿಟ್ಟು ಹೊಸ್ತಿಲ ಮೇಲೆ ಕೂತಾಗ ಹಜೀರಾಬೀ ಚಹಾ ತಂದುಕೊಟ್ಟರು.

"ನೀರು ಬರ್ತೈತೆ ಅಂತ ಕೂಗಿದ್ದು ತಪ್ಪಲ್ಲ ಬೇಟಾ. ಹೊಳೆ ನೋಡದೆ ಕೂಗಿದ್ದು ತಪ್ಪು."

ಅರವತ್ತರ ಹತ್ತಿರ ಬಂದ ನನ್ನನ್ನು ಯಾರಾದರೂ ಮಗನೇ ಅಂತ ಕರೆದು ಎಷ್ಟು ಕಾಲವಾಗಿತ್ತು. ಕಣ್ಣು ತುಂಬಿದ್ದು ಕಾಣಬಾರದು ಅಂತ ಚಹಾ ಕುಡಿದೆ, ಬಾಯಿ ಸುಟ್ಟಿತು.

ಬಣ್ಣ ಬಿಟ್ಟ ಬ್ಲೌಸ್‌ಗಳಿಗೆ ಸರಿಹೊಂದುವ ಬಟ್ಟೆ ನಮ್ಮ ಅಂಗಡಿಯಿಂದ ಕೊಡುತ್ತೇನೆ ಅಂದೆ. ಚಾಂದ್ ಪಾಷಾ ಆಗ ಮೊದಲ ಸಲ ಬಾಯಿ ತೆರೆದರು. "ಒಗೆದ್ರೆ ಬಣ್ಣ ಹೋಗದಂಗಿರೋದು ಕೊಡ್ರಿ. ಈಗಿನ ಸರಕು ನಂಬಂಗಿಲ್ಲ."

"ನನ್ನ ಅಂಗಡಿದು ನಂಬಬಹುದು."

"ನೋಡಾಣ" ಅಂದರು. ಸ್ವಲ್ಪ ನಕ್ಕ ಹಾಗಿತ್ತು.

೩೧ ಜುಲೈ, ಗುರುವಾರ

ಹೊಳೆದಂಡೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಉದ್ದ ಬರೆಯಲಿಲ್ಲ. ಕೆಳಗೆ ಮೊದಲ ಉತ್ತರ ಚಾಂದ್ ಪಾಷಾರದು: "ಸಾವ್ಕಾರ್ರು ಆಡು ಹಿಡಿಯೋದು ಮಾತ್ರ ಕಲೀಬೇಕು. ಬಾಕಿ ಎಲ್ಲ ಸರಿ ಐತೆ."

೯ ಆಗಸ್ಟ್, ಶನಿವಾರ

ಹಳೇ ಖಾತೆ ವಾಪಸ್ ಕೊಟ್ಟಿದ್ದಾರಂತೆ, ಮೇಲ್ ಬಂದಿದೆ. ನಾಳೆ ನೋಡಬೇಕು.

ಚಾಂದ್ ಪಾಷಾರಿಗೆ ಬಟ್ಟೆ ಆರಿಸಲು ಅಂಗಡಿಗೆ ಹೋದವನು ಅಲ್ಲೇ ಕೂತು, ಆನಗೋಡಿನಿಂದ ಬಂದ ಒಬ್ಬ ಅಜ್ಜಿಗೆ ಸೀರೆ ತೋರಿಸುತ್ತಿದ್ದೆ. ಕಣ್ಣು ಮಂಜಂತೆ. ಸೆರಗನ್ನು ಅವಳ ಅಂಗೈ ಮೇಲಿಟ್ಟು, ಇಲ್ಲಿ ಜರಿ ಶುರುವಾಯ್ತು, ಇಲ್ಲಿ ಮುಗೀತು ಅಂತ ಬೆರಳು ಹಿಡಿದು ತೋರಿಸಿದೆ. ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿ, "ನನ್ನ ಮದುವಿ ಸೀರಿ ಇಂಥದ್ದೇ ಇತ್ತಪಾ" ಅಂದಳು. ಅವಳ ಕೈ ಬೇವಿನ ಬೊಡ್ಡೆಯ ಹಾಗೆ ಒರಟು, ಜರಿಗೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗಲೆಲ್ಲ ನಾಚಿಕೊಂಡಳು.

ಅಂಗಡಿ ಮುಚ್ಚುವಾಗ ಮಹಾಂತೇಶ, "ಅಪ್ಪಾಜಿ, ನೀವು ಕೌಂಟರಿಗೆ ಬಂದು ಎಷ್ಟು ವರ್ಷ ಆಗಿತ್ತು! ನಾಳೆನೂ ಬರ್ರಿ" ಅಂದ. ಅಂಗಡಿ ನನ್ನದೇ, ಬರದೆ ಎಲ್ಲಿಗೆ ಹೋಗಲಿ?

೧೭ ಆಗಸ್ಟ್, ಭಾನುವಾರ

ಮುಂದಿನ ಭಾನುವಾರ ಎಲ್ಲರೂ ಹರಿಹರದಲ್ಲಿ ಸೇರೋಣ ಅಂತ ಕೊಟ್ರೇಶ್ ಸರ್ ಬರೆದಿದ್ದಾರೆ. ಫೋನಿನ ಹೊಳೆದಂಡೆಯಲ್ಲಿ ಅಲ್ಲ, ನಿಜವಾದ ಹೊಳೆಯ ದಂಡೆ ಮೇಲೆ. ಮಂಡಕ್ಕಿ ನನ್ನ ಜವಾಬ್ದಾರಿ.

ನೀನೂ ಬಾ ಅಂದೆ ಕಸ್ತೂರಿಗೆ. "ನಿಮ್ಮ ಫೋನಿನ ಮಂದಿ ನಡುವೆ ನಾನು ಬಂದು ಏನು ಮಾಡ್ಲಿ?" ಅಂದಳು. ಸಂಜೆ ನೋಡಿದರೆ ನಯನಾ ಜೊತೆ ಕೂತು ಯಾವ ಸೀರೆ ಉಡೋದು ಅಂತ ಚರ್ಚೆ ನಡೆದಿತ್ತು.

೨೪ ಆಗಸ್ಟ್, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯುತ್ತೇನೆ.

ಬಿಸಿಲಿತ್ತು. ಹೊಳೆ ಕೆಂಪಗೆ, ದಂಡೆ ತುಂಬ ಹರಿಯುತ್ತಿತ್ತು. ಸೇತುವೆಯ ಕಂಬಕ್ಕೆ ನೀರು ಬಡಿದು ಹಿಂದಕ್ಕೆ ಸುತ್ತಿಕೊಂಡು ಹೋಗುವುದನ್ನು ನಾನೇ ಕಣ್ಣಾರೆ ನೋಡಿದೆ. ಮೂವತ್ತಕ್ಕಿಂತ ಕಡಿಮೆ ಜನ. ಒಬ್ಬೊಬ್ಬರೂ ಹೆಸರು ಹೇಳುತ್ತಿದ್ದ ಹಾಗೆ "ಓ, ಕಾಗೆ ಕತೆಯೋರಾ!" "ಮೋಟರ್ ಕೇಳಿದೋರಾ!" ಅಂತ ಗದ್ದಲ. ಚಾಂದ್ ಪಾಷಾ ತಾಯಿಗೆ ಕುರ್ಚಿ ಹೊತ್ತು ತಂದಿದ್ದರು. ರಶ್ಮಿ ತನ್ನ ತಾಯಿ ಕೊಟ್ರವ್ವನ ತೋಳು ಹಿಡಿದು ಬಂದಳು. ನಾನು ಅಂದುಕೊಂಡದ್ದಕ್ಕಿಂತ ಎತ್ತರ. ಮಾವಿನಕಾಯಿ ಹಸಿರು ಸೀರೆ.

"ಬಾಯಾಗ ನೀರು ಬಂತಾ ಕಾಕಾ?" ಅಂತಲೇ ಮಾತಿಗೆ ಶುರು.

ಮಂಡಕ್ಕಿ ಕಲಸುವ ಮುಂಚೆ ಕೊಟ್ರೇಶ್ ಸರ್ ಎಲ್ಲರನ್ನೂ ನಿಲ್ಲಿಸಿ ದಾರಿಹೋಕನೊಬ್ಬನ ಕೈಗೆ ಫೋನ್ ಕೊಟ್ಟು ಫೋಟೊ ತೆಗೆಸಿದರು. ಎಲ್ಲರೂ ಮುಗಿಬಿದ್ದು ನೋಡಿದರು. ರಶ್ಮಿ ಅಲ್ಲೇ ನಿಂತಿದ್ದಳು.

"ನಿಮದೆಲ್ಲ ಆತಲ್ಲ? ಈಗ ನನಗ ತೋರಿಸ್ರಿ. ಕಾಕಾ, ಹೇಳ್ರಿ."

ನಾನು ಫೋನ್ ಹಿಡಿದು ಎಡಗಡೆಯಿಂದ ಶುರುಮಾಡಿದೆ. ಕೊಟ್ರೇಶ್ ಸರ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಪಾಠ ಶುರು ಮಾಡುವವರ ಹಾಗೆ ನಿಂತಿದ್ದಾರೆ ಅಂದೆ. ಚಾಂದ್ ಪಾಷಾ ಕ್ಯಾಮೆರಾ ನೋಡದೆ ಪಕ್ಕದವರ ಅಂಗಿಯ ಹೊಲಿಗೆ ನೋಡುತ್ತಿದ್ದಾರೆ ಅಂದೆ. ಎಲ್ಲರೂ ನಕ್ಕರು. ಹಜೀರಾಬೀ ಕುರ್ಚಿಯಲ್ಲಿ ಕೂತದ್ದು, ಈ ಹೊಳೆ ತನ್ನದೇ ಅನ್ನುವ ಹಾಗೆ. ನಯನಾ ಕಣ್ಣು ಮುಚ್ಚಿದ್ದಾಳೆ. ಅವಳ ಪಕ್ಕ ನನ್ನ ಹೆಂಡತಿ, ಅಂದೆ. ಅಂದು ನಿಲ್ಲಿಸಿದೆ.

"ಹೆಂಗದಾರೆ?" ರಶ್ಮಿ ಕೇಳಿದಳು.

ಫೋಟೊ ಬಿಟ್ಟು ಕಸ್ತೂರಿಯ ಕಡೆ ನೋಡಿದೆ. ಆಮೇಲೆ ಹೇಳುತ್ತ ಹೋದೆ.

"ಗಿಡ್ಡ ಅದಾಳಮ್ಮ. ನನ್ನ ಹೆಗಲಿಗೆ ಬರ್ತಾಳೆ. ನೇರಳೆ ಸೀರೆ, ಮೆತ್ತಗೆ ಒಗೆದು ಒಗೆದು ಹಣ್ಣಾದ ಇಳಕಲ್ಲು. ಮಂಡಕ್ಕಿ ಚೀಲದ ಮೇಲೆ ಎರಡೂ ಕೈ ಇಟ್ಟುಕೊಂಡಾಳೆ, ಯಾರೋ ಕಸಕೊಂಡು ಓಡ್ತಾರೆ ಅನ್ನೋ ಹಂಗೆ. ಬೈಯುವಾಗ ಹುಬ್ಬು ಮೇಲೆ ಹೋಗ್ತೈತೆ, ಪ್ರೀತಿ ಮಾಡುವಾಗಲೂ ಹಂಗೇ. ಹಾಗಾಗಿ ಯಾವುದು ಯಾವುದು ಅಂತ ನನಗೆ ಇನ್ನೂ ಗೊತ್ತಾಗಂಗಿಲ್ಲ. ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿತಾಳೆ. ಮುಂದಿನ ಒಂದು ಹಲ್ಲು ಓರೆ ಐತೆ ಅಂತ ನಾಚಿಕೆ. ಹೆಣ್ಣು ನೋಡಾಕೆ ಹೋದ ದಿನ ತಟ್ಟೆ ಇಡುವಾಗ ಸೆರಗು ಜಾರಿ ಆ ಹಲ್ಲು ಕಾಣ್ತು. ಅದನ್ನು ನೋಡೇ ನಾನು ಒಪ್ಪಿದ್ದು."

ಹೊಳೆ ಸದ್ದು ಕೇಳುತ್ತಿತ್ತು. ಹಜೀರಾಬೀ "ಯಾ ಅಲ್ಲಾ" ಅಂತ ಮೂಗಿನ ಮೇಲೆ ಬೆರಳಿಟ್ಟರು.

"ಈಗ ಕಂಡ್ರು ನೋಡ್ರಿ" ಅಂದಳು ರಶ್ಮಿ, ಮೆತ್ತಗೆ.

ಕಸ್ತೂರಿ ನೆಲ ನೋಡುತ್ತ ಚೀಲದ ಬಾಯಿ ಬಿಚ್ಚಿದಳು. "ಸಾಕು ಬರ್ರಿ. ಮಂಡಕ್ಕಿ ಮೆತ್ತಗಾಗ್ತೈತೆ." ಆಮೇಲೆ ಪೂರ್ತಿ ಹೊತ್ತು ಅವಳು ನನ್ನ ಕಡೆ ನೋಡಲೇ ಇಲ್ಲ. ಎಲ್ಲರಿಗೂ ಕಲಸಿ ಕಲಸಿ ಕೊಟ್ಟಳು. ರಶ್ಮಿಗೆ ಮಾತ್ರ, ಪಕ್ಕದ ಗಾಡಿಯಿಂದ ತಂದ ಮಿರ್ಚಿ ಬಜ್ಜಿಯ ಬಿಸಿ ಊದಿ ಕೈಗಿಟ್ಟಳು.

ನಯನಾ ಗೆಳತಿಯ ಮನೆಗೆ ಹೋದಳು, ನಾವಿಬ್ಬರೇ ಬಸ್ಸು ಹತ್ತಿದೆವು. ಕಸ್ತೂರಿ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಸಿಟ್ಟಾಗಿದ್ದಾಳೆ, ಅಷ್ಟು ಜನರ ಮುಂದೆ ಹೇಳಬಾರದಿತ್ತು ಅಂದುಕೊಂಡೆ. ದಾವಣಗೆರೆ ಹತ್ತಿರ ಬಂದಾಗ ಹುಬ್ಬು ಮೇಲೆ ಮಾಡಿ ನನ್ನ ಕಡೆ ತಿರುಗಿದಳು.

"ಏನ್ರಿ, ಹಲ್ಲಿನ ವಿಷಯ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ."

ನಕ್ಕಳು. ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ಸೆರಗು ಹೆಗಲ ಮೇಲೆಯೇ ಇತ್ತು.